ಮಧ್ಯಂತರ ಮುಗಿದ ಮೇಲಿನ ಮೂರು ನಿಮಿಷ ನಲವತ್ತು ಸೆಕೆಂಡು

ನಾನು ನಿಂತಿದ್ದದ್ದು ಎಡಗಡೆಯ ಗೋಡೆಗೆ ಒರಗಿಕೊಂಡು, ಮುಂದಿನಿಂದ ಮೂರನೆಯ ಸಾಲಿನ ಪಕ್ಕದಲ್ಲಿ, ಹೊರಹೋಗುವ ಬಾಗಿಲಿನಿಂದ ನಾಲ್ಕು ಹೆಜ್ಜೆ ಒಳಗೆ. ಅಂದು ಗುರುವಾರ. ಕೈಗಡಿಯಾರದಲ್ಲಿ ಹನ್ನೆರಡು ಗಂಟೆ ಇಪ್ಪತ್ತಾರು ನಿಮಿಷ. ಸ್ಥಳ, ಕೆ.ಆರ್. ಪುರದ ಕಡೆಯ ಒಂದು ಮಾಲ್‌ನ ನಾಲ್ಕನೆಯ ಮಹಡಿಯಲ್ಲಿರುವ ಸಣ್ಣ ಚಿತ್ರಮಂದಿರ. ಕೂರದೆ ನಿಂತಿದ್ದಕ್ಕೆ ಕಾರಣ ಸೊಂಟ ನೋವು. ಒಂದು ಗಂಟೆಗಿಂತ ಹೆಚ್ಚು ಕೂತರೆ ನನ್ನ ಎಡಗಾಲು ಜೋಮು ಹಿಡಿಯುತ್ತದೆ.

ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಅಲ್ಲಿ ನಿಂತು ನಾನು ಕಂಡದ್ದನ್ನು ನಾನು ಕಂಡೇ ಇಲ್ಲ ಎಂದು ಆಮೇಲೆ ಅನೇಕ ವಿದ್ಯಾವಂತರು ಬಹಳ ಗೌರವದಿಂದ ನನಗೆ ತಿಳಿಸಿಕೊಟ್ಟರು. ನಾನು ವಿಮಾನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ತಗಡಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ ಅದು ಎಲ್ಲಿದೆ, ಎಷ್ಟು ಉದ್ದ, ಯಾವ ಬೆಳಕಿನಲ್ಲಿ ನೋಡಿದೆ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸವಾಗಿತ್ತು. ಬಿರುಕು ಒಂದು ರೂಪಕ ಎಂದು ಅಲ್ಲಿ ಯಾರೂ ನನಗೆ ಹೇಳಲಿಲ್ಲ. ಹೇಳಿದ್ದರೆ ವಿಮಾನಗಳು ಬೀಳುತ್ತಿದ್ದವು.

ಅಂದು ತೋರಿಸುತ್ತಿದ್ದದ್ದು ಒಂದು ಕನ್ನಡ ಸಿನಿಮಾ. ಜಾಹೀರಾತಿನಲ್ಲಿ ಅದನ್ನು ಸೈಕಲಾಜಿಕಲ್ ಹಾರರ್ ಎಂದು ಕರೆದಿದ್ದರು. ಅದಕ್ಕೆ ಆಧಾರ, ಜೀವನ್ ಬಿಮಾ ನಗರದಲ್ಲಿ ನಮ್ಮ ಎದುರುಮನೆಯಲ್ಲಿರುವ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಬರೆದ ಕಾದಂಬರಿ. ಇಡೀ ಬೀದಿ ಅವರನ್ನು ಟೀಚರ್ ಎನ್ನುತ್ತದೆ. ನಾನೂ ಹಾಗೆಯೇ ಅನ್ನುತ್ತೇನೆ.

ಕಾದಂಬರಿಯ ಕಥೆ ಸರಳ. ಹಲಸೂರಿನ ಒಂದು ವಠಾರ, ಆರು ಮನೆ, ಅಂಗಳದ ಮಧ್ಯೆ ಒಂದು ಸಿಮೆಂಟ್ ತೊಟ್ಟಿ. ಕಾರ್ಪೊರೇಷನ್ ನೀರು ಎರಡು ದಿನಕ್ಕೊಮ್ಮೆ ಬರುತ್ತದೆ. ತೊಟ್ಟಿ ತುಂಬಿಸಿ, ಅದರ ಬುಡದಲ್ಲಿರುವ ನಲ್ಲಿಯನ್ನು ಭದ್ರವಾಗಿ ಮುಚ್ಚುವುದು ಒಂದೊಂದು ಸಲ ಒಂದೊಂದು ಮನೆಯವರ ಸರದಿ. ಹೊಸದಾಗಿ ಮದುವೆಯಾಗಿ ಬಂದ ಹೆಂಗಸಿನ ಸರದಿ ಬಂದ ದಿನವೆಲ್ಲ, ಅವಳು ಮುಚ್ಚಿ ಒಳಗೆ ಹೋದ ಮೇಲೆ, ನಲ್ಲಿ ಬಿಟ್ಟಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಆರು ಮನೆಯ ನೀರು ಚರಂಡಿ ಸೇರಿರುತ್ತದೆ. ಮುಚ್ಚಿದ್ದೆ ಎಂದು ಅವಳು ಹೇಳುತ್ತಾಳೆ. ಮುಚ್ಚಿದ್ದರೆ ಬಿಟ್ಟವರು ಯಾರು, ನೀನು ನೋಡಿದೆಯಾ, ಬೇರೆ ಯಾರಾದರೂ ನೋಡಿದರಾ ಎಂದು ವಠಾರ ಕೇಳುತ್ತದೆ. ಮೊದಲು ಬೈಗುಳ ಬರುತ್ತದೆ, ಆಮೇಲೆ ತಾಯತ, ಅದಾದ ಮೇಲೆ ಮಾತ್ರೆ. ಕೊನೆಗೆ ತನ್ನ ಕೈ ಮಾಡಿದ್ದನ್ನು ತಾನೇ ನಂಬಲಾರದ ಸ್ಥಿತಿಗೆ ಅವಳು ಬರುತ್ತಾಳೆ. ಹನ್ನೆರಡನೆಯ ಅಧ್ಯಾಯದ ಮೊದಲ ವಾಕ್ಯದಲ್ಲೇ ಕಾದಂಬರಿ ಹೇಳಿಬಿಡುತ್ತದೆ: ನಲ್ಲಿ ಬಿಡುತ್ತಿದ್ದವನು ಅವಳ ಗಂಡ.

ಪುಸ್ತಕ ಬಂದಾಗ ನಾನೂ ಒಂದು ವಿಮರ್ಶೆ ಒಪ್ಪಿಸಿದ್ದೆ. ಬೇರೆಯವರ ತಪ್ಪು ಎಣಿಸುವ ಮೊದಲು ಅದನ್ನು ಇಲ್ಲಿ ಬರೆಯಬೇಕು. ಹಾಲಿನ ಪ್ಯಾಕೆಟ್ ಕೈಯಲ್ಲಿ ಹಿಡಿದು ಟೀಚರ್ ಮನೆಯ ಗೇಟಿನ ಮುಂದೆ ನಿಂತು ಹೇಳಿದೆ: "ಚೆನ್ನಾಗಿದೆ ಟೀಚರ್. ಆದ್ರೆ ಗಂಡಾನೇ ಅಂತ ಅಷ್ಟು ನೇರವಾಗಿ ಹೇಳ್ಬಾರ್ದಿತ್ತು. ಎಲ್ಲ ಅವಳ ಭ್ರಮೆ ಇರಬಹುದೇನೋ ಅನ್ನೋ ಹಾಗೆ ಬಿಟ್ಟಿದ್ರೆ ಇನ್ನೂ ಎಫೆಕ್ಟ್ ಇರ್ತಿತ್ತು."

ಟೀಚರ್ ಗೇಟು ತೆಗೆದರು. "ಒಳಗೆ ಬನ್ನಿ, ಕಾಫಿ ಕುಡೀರಿ" ಎಂದರು. ಕಾಫಿ ಕೊಟ್ಟ ಮೇಲೆ, "ಅವಳು ನಮ್ಮಕ್ಕ ರೀ" ಎಂದರು.

ಸುಮಾರು ಐವತ್ತು ವರ್ಷದ ಹಿಂದಿನ ಮಾತು. ಟೀಚರ್ ಆಗ ಕಾಲೇಜು ಹುಡುಗಿ, ಹಲಸೂರಿನಲ್ಲಿ ಅಕ್ಕನ ಮನೆಯಲ್ಲಿದ್ದು ಓದುತ್ತಿದ್ದರು. ಒಂದು ಭಾನುವಾರ ಬೆಳಗ್ಗೆ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ಕೆಳಗೆ ನೋಡಿದರು. ಭಾವ ಅಂಗಳದ ಕನ್ನಡಿಯ ಮುಂದೆ ಗಡ್ಡ ಮಾಡಿಕೊಳ್ಳುತ್ತಿದ್ದ. ಮುಖದ ತುಂಬ ನೊರೆ. ಅವನು ಎರಡೂ ಕಡೆ ನೋಡಿ, ತೊಟ್ಟಿಯ ಹತ್ತಿರ ಹೋಗಿ, ಬಗ್ಗಿ ಎಡಗೈಯಿಂದ ನಲ್ಲಿ ಬಿಟ್ಟು, ಮತ್ತೆ ಕನ್ನಡಿಯ ಮುಂದೆ ಬಂದು ಉಳಿದ ಅರ್ಧ ಗಡ್ಡ ಮಾಡಿಕೊಂಡ. ಟೀಚರ್ ಕೆಳಗಿಳಿದು ಬಂದು ಎಲ್ಲರಿಗೂ ಹೇಳಿದರು. ತಂಗಿ ಅಕ್ಕನ ಪರ ಮಾತಾಡದೆ ಇನ್ಯಾರ ಪರ ಮಾತಾಡುತ್ತಾಳೆ ಎಂದು ವಠಾರ ನಕ್ಕಿತು. ಕೆಲವು ತಿಂಗಳ ನಂತರ ಅಕ್ಕ ತವರಿಗೆ ಬಂದರು, ಒಂದು ಚೀಲ ಬಟ್ಟೆ, ಒಂದು ಡಬ್ಬಿ ಮಾತ್ರೆಯೊಂದಿಗೆ. ಭಾವ ವಠಾರದಲ್ಲೇ ಗೌರವಸ್ಥನಾಗಿ ಬಾಳಿ ಈಚೆಗೆ ತೀರಿಕೊಂಡ. ಹೀಗೇಕೆ ಮಾಡುತ್ತಿದ್ದ ಎಂದು ನಾನು ಕೇಳಿದ್ದಕ್ಕೆ ಟೀಚರ್, "ಅದು ಗೊತ್ತಾಗ್ಲಿ ಅಂತ್ಲೇ ಮುನ್ನೂರು ಪುಟ ಬರ್ದೆ. ಗೊತ್ತಾಗ್ಲಿಲ್ಲ" ಎಂದರು.

ಅಕ್ಕ ಈಗ ಬಾಣಸವಾಡಿಯಲ್ಲಿ, ರೈಲ್ವೆ ಸ್ಟೇಷನ್ನಿನ ಹತ್ತಿರ, ಅಣ್ಣನ ಮಗಳ ಮನೆಯಲ್ಲಿದ್ದಾರೆ. ಎಪ್ಪತ್ತೆಂಟು ವಯಸ್ಸು. ಬಹಳ ವರ್ಷ ಹೊಲಿಗೆ ಮಾಡಿ ಜೀವನ ನಡೆಸಿದವರು. ಕೆಲಸದಲ್ಲಿ ಒಂದು ಗುಂಡಿ ಆಚೆ ಈಚೆ ಆಗಿದ್ದಿಲ್ಲವಂತೆ. ಆದರೆ ನಲ್ಲಿ ಬಿಟ್ಟದ್ದು ತಾನೋ ಅಲ್ಲವೋ ಎಂಬುದು ಅವರಿಗೆ ಇಂದಿಗೂ ಖಾತ್ರಿಯಿಲ್ಲ. ಕಾದಂಬರಿಯನ್ನು ಟೀಚರ್ ಓದಿ ಹೇಳಿದಾಗ, "ನೀನು ನನ್ನ ತಂಗಿ ಕಣೇ, ನೀನು ಹಾಗೆ ಬರೀದೆ ಹೇಗೆ ಬರೀತೀಯ" ಎಂದು ತಲೆ ಸವರಿದರಂತೆ. ಸಿನಿಮಾ ಆಗುತ್ತದೆ ಎಂದಾಗ ಮಾತ್ರ ಅಕ್ಕ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳಿದ್ದರು: "ಹೊರಗಿನವರು ತೆಗೀತಾರಾ? ಅದ್ರಲ್ಲಿ ನಮ್ಮನೆಯವರು ನಲ್ಲಿ ಬಿಡೋದು ತೋರಿಸ್ತಾರಾ?" ನಿರ್ದೇಶಕ ತೋರಿಸುತ್ತೇನೆ ಎಂದಿದ್ದ. ಮಂಡಿ ನೋವಿನಿಂದ ಥಿಯೇಟರಿಗೆ ಬರಲಾಗದು, ಟೀವಿಯಲ್ಲಿ ಬಂದಾಗ ನೋಡುತ್ತೇನೆ ಎಂದು ಅಕ್ಕ ಕಾಯತೊಡಗಿದರು. ಈ ಇಡೀ ಸಿನಿಮಾದಿಂದ ಟೀಚರ್ ಬಯಸಿದ್ದು ಅದೊಂದನ್ನೇ, ತನಗೆ ಸಂಬಂಧವಿಲ್ಲದ ಯಾರೋ ಒಬ್ಬರು ಅಕ್ಕನಿಗೆ ಆ ಕೈಯನ್ನು ತೋರಿಸಬೇಕು.

ಈಗ ಆ ಗುರುವಾರಕ್ಕೆ ಬರುತ್ತೇನೆ.

ಬಿಡುಗಡೆಗೆ ಎರಡು ವಾರ ಮುಂಚೆಯೇ ವಿಮರ್ಶಕರಿಗೆಂದು ಏರ್ಪಡಿಸಿದ್ದ ಪ್ರದರ್ಶನ ಅದು. ಟೀಚರ್‌ಗೂ ಕರೆ ಬಂದಿತ್ತು, ಅವರ ಜೊತೆಗೆಂದು ನಾನು ಹೋಗಿದ್ದೆ. ಮಾತು ಹಬ್ಬಲಿ ಎಂಬುದು ನಿರ್ಮಾಪಕರ ಆಸೆ. ಮಾತು ಹಬ್ಬಬೇಕಾದರೆ ಊಟ ಚೆನ್ನಾಗಿರಬೇಕು, ಇದು ನಮ್ಮಲ್ಲಿ ಎಲ್ಲರಿಗೂ ತಿಳಿದ ವಿಷಯ. ಊಟ ಯಾವಾಗ ಕೊಡಬೇಕು ಎಂಬುದರ ಬಗ್ಗೆ ನಿರ್ಮಾಪಕರಿಗೆ ಸ್ವಂತ ಸಿದ್ಧಾಂತವೇ ಇತ್ತು. ಲಾಬಿಯಲ್ಲಿ ನಿಂತು ನನಗೆ ಅದನ್ನು ವಿವರಿಸಿದರು: "ಊಟ ಕೊನೇಗಿಟ್ರೆ ಅರ್ಧ ಜನ ಇಂಟರ್ವಲ್‌ಗೇ ಎದ್ದು ಹೋಗ್ತಾರೆ ಸರ್, ಬೇರೆ ಕಡೆ ಇನ್ನೊಂದು ಊಟ ಇರತ್ತೆ. ಇಂಟರ್ವಲ್‌ಗೇ ಹಾಕ್ಬಿಟ್ರೆ ತಿಂದು ಭಾರ ಆಗಿ ಕೂತ್ಕೊಂಡ್ಬಿಡ್ತಾರೆ. ಐಸ್‌ಕ್ರೀಮ್ ಕೊನೇಗೆ ಇಟ್ಟಿದ್ದೀನಿ. ಎಲ್ಲೂ ಹೋಗಲ್ಲ."

ಹಾಗಾಗಿ ಮಧ್ಯಂತರದಲ್ಲಿ ದೊನ್ನೆ ಬಿರಿಯಾನಿ. ಶಿವಾಜಿನಗರದಿಂದ ದೊಡ್ಡ ಡೇಗ್ಚಿಗಳಲ್ಲಿ ತರಿಸಿದ್ದರು. ಅದರ ವಾಸನೆ ಮೊದಲರ್ಧದ ಕೊನೆಯ ಹತ್ತು ನಿಮಿಷದಿಂದಲೇ ಬಾಗಿಲ ಸಂದಿಯಲ್ಲಿ ಒಳಗೆ ಬರುತ್ತಿತ್ತು. ತೆರೆಯ ಮೇಲೆ ನಾಯಕಿ ಖಾಲಿ ತೊಟ್ಟಿಯ ಮುಂದೆ ಕುಸಿದು ಕೂತಿದ್ದಳು. ಸಭಾಂಗಣದಲ್ಲಿ ಮೂರು ಕುರ್ಚಿಗಳು ಆಗಲೇ ಮೇಲೆದ್ದ ಸದ್ದು ಕೇಳಿಸಿತು. ದೀಪ ಹತ್ತಿದ ಮೇಲೆ ಹಾಲ್ ಖಾಲಿಯಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಬೆಂಕಿ ಬಿದ್ದರೂ ನಮ್ಮ ಜನ ಅಷ್ಟು ಶಿಸ್ತಿನಿಂದ ಹೊರಗೆ ಹೋಗುವುದಿಲ್ಲ.

ಆದರೆ ಮಾಲ್‌ನ ಯಂತ್ರಕ್ಕೆ ಬಿರಿಯಾನಿಯ ವಿಷಯ ಗೊತ್ತಿರಲಿಲ್ಲ. ಹದಿನೈದು ನಿಮಿಷಕ್ಕೆ ಸರಿಯಾಗಿ ಅದು ತಾನೇ ದೀಪ ಆರಿಸಿ ಸಿನಿಮಾ ಶುರು ಮಾಡಿತು. ಆಗ ಹೊರಗೆ ಎರಡನೆಯ ಡೇಗ್ಚಿ ತೆರೆದಿದ್ದರು.

ಒಳಗೆ ಇದ್ದವರು ನಾಲ್ಕು ಜನ. ನಾನು. ನನ್ನ ಪಕ್ಕದ ಸಾಲಿನ ತುದಿಯಲ್ಲಿ, ಮನೆಯಿಂದ ತಂದ ಚಪಾತಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡ ಟೀಚರ್. ಕೊನೆಯ ಸಾಲಿನಲ್ಲಿ ಗಂಡನ ಪಾತ್ರ ಮಾಡಿದ ನಟ. ಗುರುವಾರ ರಾಯರ ದಿನವೆಂದು ಅವನು ಉಪವಾಸವಿದ್ದ. ನಾಲ್ಕನೆಯವಳು ಹಾಲ್ ಗುಡಿಸುವ ಹೆಂಗಸು, ಯಾದಗಿರಿ ಕಡೆಯವಳು. ಮೊದಲರ್ಧದಲ್ಲೂ ಆಗಾಗ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಪೊರಕೆ, ಕಸದ ಮೊರ ಹಿಡಿದು ಮೆಟ್ಟಿಲ ಮೇಲೆ ಇದ್ದವಳು ದೀಪ ಆರಿದಾಗ ಅಲ್ಲೇ ನಿಂತುಬಿಟ್ಟಳು.

ತೆರೆಯ ಮೇಲೆ ಅಂಗಳ ಕಂಡಿತು. ಭಾನುವಾರದ ಬಿಸಿಲು. ಸಂಗೀತ ಇರಲಿಲ್ಲ. ಹೆಂಗಸು ನಲ್ಲಿ ಮುಚ್ಚಿ, ಎರಡು ಸಲ ತಿರುಗಿಸಿ ನೋಡಿ, ಒಳಗೆ ಹೋದಳು. ಗಂಡ ಕನ್ನಡಿಯ ಮುಂದೆ ಗಡ್ಡ ಮಾಡಿಕೊಳ್ಳುತ್ತಿದ್ದ, ಹೆಗಲ ಮೇಲೆ ಟವಲು. ಬಹಳ ಹೊತ್ತು ಬರೀ ರೇಜರಿನ ಸದ್ದು. ಆಮೇಲೆ ಅವನು ಬಲಗಡೆ ನೋಡಿದ, ಎಡಗಡೆ ನೋಡಿದ, ನಡೆದು ಹೋಗಿ ಬಗ್ಗಿ ಎಡಗೈಯಿಂದ ನಲ್ಲಿ ಬಿಟ್ಟ. ಆತುರವಿಲ್ಲ, ಕೋಪವೂ ಇಲ್ಲ. ಗಡಿಯಾರಕ್ಕೆ ಕೀ ಕೊಡುವವನ ಮುಖ ಇರುತ್ತದಲ್ಲ, ಅಂಥ ಮುಖ. ವಾಪಸ್ಸು ಬಂದು ಉಳಿದ ಅರ್ಧ ಕೆನ್ನೆ ಕೆರೆದುಕೊಳ್ಳುತ್ತ, ಹಿಂದೆ ನೀರು ಹೋಗುವ ಸದ್ದನ್ನು ಕೇಳುತ್ತ ನಿಂತ. ಮೂರು ನಿಮಿಷ ನಲವತ್ತು ಸೆಕೆಂಡು. ಪುಸ್ತಕದಲ್ಲಿ ಓದಿದ್ದೆ, ಟೀಚರ್ ಬಾಯಲ್ಲಿ ಕೇಳಿದ್ದೆ. ಆದರೂ ಅಂದು ಮೊದಲ ಸಲ ನಂಬಿದೆ ಎಂದು ಹೇಳಲು ನಾಚಿಕೆಯಾಗುತ್ತದೆ.

ಮೆಟ್ಟಿಲ ಮೇಲಿದ್ದ ಹೆಂಗಸು ಟೀಚರ್ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು: "ಗಂಡನೇ ನಳ ಬಿಟ್ಟಾನಲ್ರಿ ಯಕ್ಕಾ. ಮತ್ತ ಆಕೀಗಿ ಯಾಕ ಬೈತಾರ?"

ಆ ಸಿನಿಮಾದ ಬಗ್ಗೆ ನಾನು ಈವರೆಗೆ ಕೇಳಿದ ವಿಮರ್ಶೆಗಳಲ್ಲಿ ಸರಿಯಾದದ್ದು ಅದೊಂದೇ.

ಟೀಚರ್ ನನ್ನ ಕೈ ಹಿಡಿದುಕೊಂಡಿದ್ದರು. "ಅಕ್ಕ ಇದನ್ನ ನೋಡ್ಬೇಕು" ಎಂದರು. "ಇಷ್ಟು ನೋಡಿದ್ರೆ ಸಾಕು."

ಅದಾದ ಮೇಲೆ ಬಾಗಿಲು ಒಂದೊಂದೇ ಸಲ ತೆರೆಯತೊಡಗಿತು. ಮೊದಲು ಒಳಗೆ ಬಂದವರು ಪತ್ರಿಕೆಯ ಹಿರಿಯ ವಿಮರ್ಶಕರು, ಬೆರಳುಗಳನ್ನು ಕಾಗದದ ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತ. ಕತ್ತಲಲ್ಲಿ ನನ್ನ ಕಾಲು ತುಳಿದು, "ಏನಾದ್ರೂ ಆಯ್ತಾ?" ಎಂದು ಕೇಳಿದರು. ಆಯಿತು ಎಂದೆ. "ಲೆಗ್ ಪೀಸ್ ಖಾಲಿ ಆಗೋಯ್ತು" ಎಂದು ತಮ್ಮ ನಷ್ಟವನ್ನೂ ತಿಳಿಸಿ ಮುಂದೆ ಹೋದರು. ಕೊನೆಗೆ ಬಂದವನು ಟೋಪಿ ಹಾಕಿದ ಯೂಟ್ಯೂಬಿನ ವಿಮರ್ಶಕ. ಅವನು ಬಂದಾಗ ಹನ್ನೆರಡು ಮೂವತ್ತೇಳು.

ವಿಮರ್ಶೆಗಳು ಅಂದು ಸಂಜೆಯಿಂದಲೇ ಬರತೊಡಗಿದವು. ಪತ್ರಿಕೆಯ ಹಿರಿಯರು, ನೀರು ಸುಪ್ತಪ್ರಜ್ಞೆಯ ಸಂಕೇತ, ನಾಯಕಿಯೇ ಆ ನಲ್ಲಿ ಎಂದು ಬರೆದರು. ಒಂದು ವೆಬ್‌ಸೈಟಿನವರು ನಲ್ಲಿ ಮತ್ತು ತಾಯ್ತನದ ಸಂಬಂಧವನ್ನು ಆರು ಪ್ಯಾರಾಗಳಲ್ಲಿ ಬಿಡಿಸಿಟ್ಟರು. ಕೊಳಾಯಿ ರಿಪೇರಿಯವನು ಓದಿದ್ದರೆ ಕೆಲಸ ಬಿಡುತ್ತಿದ್ದ. ಮತ್ತೊಬ್ಬರಿಗೆ ಅದು ಬೆಂಗಳೂರಿನ ನೀರಿನ ಬವಣೆಯ ಮೇಲಿನ ವ್ಯಾಖ್ಯಾನವಾಗಿ ಕಂಡಿತು. ಟೋಪಿಯವನು ನಾಲ್ಕು ನಕ್ಷತ್ರ ಕೊಟ್ಟು, "ಟ್ವಿಸ್ಟ್ ಏನಂದ್ರೆ ಟ್ವಿಸ್ಟೇ ಇಲ್ಲ ಗುರು, ಎಲ್ಲಾ ಅವಳ ತಲೆ ಒಳಗೆ" ಎಂದ. ಇವರೆಲ್ಲರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದರು, ಅದು ನಮ್ಮ ವಿಮರ್ಶಾಲೋಕದಲ್ಲಿ ಅಪರೂಪ: ನಲ್ಲಿ ಬಿಟ್ಟವರು ಯಾರೆಂದು ಕೊನೆಯವರೆಗೂ ಹೇಳದೆ ನಿರ್ದೇಶಕರು ಪ್ರೇಕ್ಷಕರ ಬುದ್ಧಿಯನ್ನು ಗೌರವಿಸಿದ್ದಾರೆ. ಮೂಲ ಕಾದಂಬರಿಯ ಸಂದಿಗ್ಧತೆಯನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ ಎಂದು ಇಬ್ಬರು ಸೇರಿಸಿದ್ದರು. ಅವರಿಬ್ಬರೂ ಕಾದಂಬರಿ ಓದಿದವರು ಎಂದು ಇದರಿಂದ ಸ್ಪಷ್ಟವಾಯಿತು. ಬಿರಿಯಾನಿಯ ಉಲ್ಲೇಖ ಯಾವ ವಿಮರ್ಶೆಯಲ್ಲೂ ಇರಲಿಲ್ಲ.

ಮುಂದಿನ ಭಾನುವಾರ ಬೆಳಗ್ಗೆ ಇಂದಿರಾನಗರದ ಒಂದು ಸಭಾಂಗಣದಲ್ಲಿ ಸಿನಿಮಾದ ಬಗ್ಗೆ ಸಂವಾದ ಇಟ್ಟಿದ್ದರು. ವೇದಿಕೆಯ ಮೇಲೆ ನಿರ್ದೇಶಕ, ಹಿರಿಯ ವಿಮರ್ಶಕರು, ಟೋಪಿಯವನು. ಟೀಚರ್ ಬರಲಿಲ್ಲ, ಮಂಡಿ ಊದಿತ್ತು. ನಾನು ಹೋದೆ. ಒಂದು ಗಂಟೆ ಸಂದಿಗ್ಧತೆಯ ಬಗ್ಗೆ ಕೇಳಿಸಿಕೊಂಡ ಮೇಲೆ ಎದ್ದು ನಿಂತು, ಹೆಸರು ಹೇಳಿ, ಮೈಕು ತೆಗೆದುಕೊಂಡೆ.

"ಇಂಟರ್ವಲ್ ಆದ ತಕ್ಷಣ ಒಂದು ದೃಶ್ಯ ಇದೆ. ಗಂಡ ನಲ್ಲಿ ಬಿಡ್ತಾನೆ. ಸ್ಪಷ್ಟವಾಗಿ ತೋರಿಸಿದ್ದಾರೆ."

ಹಿರಿಯರು ಮುಗುಳ್ನಕ್ಕರು. "ಸರ್, ಅದು ನಿಮ್ಮ ಓದು. ಚಿತ್ರ ಅದಕ್ಕೂ ಅವಕಾಶ ಕೊಡುತ್ತೆ."

"ಓದಲ್ಲ ಸರ್. ನೋಡಿದ್ದು. ಎಡಗೈಯಲ್ಲಿ ಬಿಟ್ಟ."

"ನೀವು ಕಾದಂಬರಿ ಓದಿದ್ದೀರಾ?"

"ಓದಿದ್ದೀನಿ."

"ಅದೇ ನೋಡಿ" ಎಂದು ಅವರು ಸಭೆಯ ಕಡೆ ತಿರುಗಿದರು. "ಪುಸ್ತಕ ಓದಿ ಬಂದ ಮನಸ್ಸು ಇಲ್ಲದ ದೃಶ್ಯವನ್ನೂ ಕಟ್ಟಿಕೊಳ್ಳುತ್ತೆ. ಇದು ಈ ಚಿತ್ರದ ಗೆಲುವು. ಪ್ರೇಕ್ಷಕನೇ ನಾಯಕಿ ಆಗಿಬಿಡ್ತಾನೆ."

ಸಭೆ ಚಪ್ಪಾಳೆ ತಟ್ಟಿತು. ಟೋಪಿಯವನು, "ಅಂಕಲ್, ಲವ್ಲಿ ಥಿಯರಿ. ಫ್ಯಾನ್ ಥಿಯರಿ ಅಂತ ಒಂದು ವಿಡಿಯೋ ಮಾಡೋಣ, ನಂಬರ್ ಕೊಡಿ" ಎಂದ.

"ನೀವು ಹನ್ನೆರಡು ಮೂವತ್ತೇಳಕ್ಕೆ ಒಳಗೆ ಬಂದ್ರಿ" ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ.

ನಾನು ನಿರ್ದೇಶಕನನ್ನು ನೋಡಿದೆ. ಆ ದೃಶ್ಯವನ್ನು ಬರೆದು, ಚಿತ್ರಿಸಿ, ಅದಕ್ಕೆ ಸದ್ದು ಕೂಡಿಸಿದವನು ಅವನು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಮುಂದಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಿದ್ದ. ಬಾಟಲಿ ಬಿಗಿಯಾಗಿ ಮುಚ್ಚಿತ್ತು.

ಬಿಡುಗಡೆಯಾದ ಎರಡನೆಯ ದಿನ, ಶನಿವಾರ, ಹಲಸೂರಿನ ಹತ್ತಿರದ ಚಿತ್ರಮಂದಿರಕ್ಕೆ ಮಧ್ಯಾಹ್ನದ ಆಟಕ್ಕೆ ಹೋದೆ. ಮಧ್ಯಂತರದಲ್ಲಿ ಕುರ್ಚಿ ಬಿಟ್ಟು ಕದಲಲಿಲ್ಲ. ದೀಪ ಆರಿತು. ತೆರೆಯ ಮೇಲೆ ಬಂದದ್ದು ಆಸ್ಪತ್ರೆ. ಡಾಕ್ಟರು ಅವಳಿಗೆ ಮಾತ್ರೆ ಬರೆದುಕೊಡುತ್ತಿದ್ದರು. ಅಂಗಳ ಇಲ್ಲ, ಬಿಸಿಲು ಇಲ್ಲ, ಕನ್ನಡಿ ಇಲ್ಲ. ಸಿನಿಮಾ ಮುಗಿಯುವವರೆಗೂ ಇನ್ನೆಲ್ಲಾದರೂ ಬರಬಹುದೇ ಎಂದು ಕಾದೆ. ಬರಲಿಲ್ಲ.

ಆಟೋ ಹಿಡಿಯದೆ ಮನೆಯವರೆಗೂ ನಡೆದು ಬಂದೆ. ದಾರಿಯುದ್ದಕ್ಕೂ ಹಿರಿಯರ ಮಾತು ಕಿವಿಯಲ್ಲಿತ್ತು. ನನಗೆ ಅರವತ್ತೇಳು ವರ್ಷ. ಅಂದು ಸೊಂಟ ನೋವಿಗೆ ಮಾತ್ರೆ ತೆಗೆದುಕೊಂಡಿದ್ದೆ. ಕಾದಂಬರಿ ಓದಿದ್ದೆ, ಟೀಚರ್ ಹೇಳಿದ್ದನ್ನು ಕೇಳಿದ್ದೆ, ಕತ್ತಲಲ್ಲಿ ನಿಂತಿದ್ದೆ. ನೊರೆ, ಟವಲು, ಎಡಗೈ ಎಲ್ಲವೂ ಟೀಚರ್ ಬಾಯಿಂದ ಬಂದು ನನ್ನ ಕಣ್ಣಿನಲ್ಲಿ ಕೂತಿರಬಹುದಲ್ಲ. ಮೂವತ್ತೊಂದು ವರ್ಷ ತಪಾಸಣೆ ಮಾಡಿದವನು ಎರಡು ದಿನ ಮನೆಯಲ್ಲಿ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಎದ್ದೆದ್ದು ಹೋಗಿ ನೋಡಿದೆ. ಐವತ್ತು ವರ್ಷ ಹೀಗೆ ಬದುಕುವುದು ಹೇಗಿರುತ್ತದೆ ಎಂದು ಎರಡೇ ದಿನದಲ್ಲಿ ನನಗೆ ತಕ್ಕಷ್ಟು ಅರ್ಥವಾಯಿತು.

ಮಂಗಳವಾರ ಬೆಳಗ್ಗೆ ಕೆ.ಆರ್. ಪುರದ ಕಡೆಯ ಆ ಮಾಲ್‌ಗೆ ಹೋದೆ. ಗುಡಿಸುವ ಹೆಂಗಸು ಲಿಫ್ಟಿನ ಪಕ್ಕ ಕೂತು ಟೀ ಕುಡಿಯುತ್ತಿದ್ದಳು. ಅವಳ ಬಾಯಲ್ಲಿ ನಾನೇ ಮಾತು ತುರುಕಬಾರದೆಂದು, "ಆವತ್ತು ದೀಪ ಆರಿದ ಮೇಲೆ ಏನು ನೋಡ್ದೆ?" ಎಂದಷ್ಟೇ ಕೇಳಿದೆ.

"ಬಿರಿಯಾನಿ ದಿನ ಏನ್ರಿ?" ಎಂದಳು. "ನೋಡೀನ್ರಿ. ಆ ಗಂಡಸು ಮಾರಿಗಿ ಬುರುಗು ಹಚ್ಚಿಕೊಂಡು ಹೆಗಲ ಮ್ಯಾಲ ಟಾವೆಲ್ ಹಾಕ್ಕೊಂಡಿದ್ದ. ಬಗ್ಗಿ ನಳ ಬಿಟ್ಟ. ಎಡಗೈಲೆ."

"ಖಾತ್ರಿಯಾ?"

"ಯಾಕ್ರಿ, ನಾ ಏನ್ ಕುಡದಿದ್ನೇನ್ರಿ? ನಾವು ಇರೋ ಲೈನಿನ್ಯಾಗ ಹನ್ನೆರಡು ಖೋಲಿಗೆ ಒಂದ ನಳ ಐತ್ರಿ. ನಳ ಯಾರು ಬಿಟ್ರು, ಯಾರು ಬಂದ್ ಮಾಡಿದ್ರು ಅನ್ನೂದು ಬಿಟ್ಟು ನಾವು ಮತ್ತೇನು ನೋಡತೀವ್ರಿ?"

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಅವಳು ನನ್ನ ಮುಖ ನೋಡಿ, "ಚಾ ಕುಡೀತೀರೇನ್ರಿ ಯಪ್ಪಾ" ಎಂದಳು. ಕುಡಿದೆ.

ನಿರ್ದೇಶಕನಿಗೆ ಫೋನ್ ಮಾಡಿದ್ದು ಅಲ್ಲಿಂದಲೇ. ಅವನು ಏನನ್ನೂ ಮುಚ್ಚಿಡಲಿಲ್ಲ. "ಟ್ರಿಮ್ ಮಾಡಿದ್ವಿ ಸರ್. ಸುಳ್ಳು ಯಾಕೆ ಹೇಳ್ಲಿ. ಅಷ್ಟು ಜನ ಬುದ್ಧಿವಂತರು ಆ ಸೀನ್ ಇಲ್ಲ ಅಂತ ಹೊಗಳ್ತಿರೋವಾಗ, ಇದೆ ಅಂತ ಹೇಗ್ ಸರ್ ಹೇಳೋದು? ಬಿಡುಗಡೆಯಾದ್ಮೇಲೆ ಅವರೇ ಮತ್ತೆ ನೋಡಿದ್ರೆ ಅವರಿಗೂ ಮುಜುಗರ, ನಮಗೂ ಮುಜುಗರ. ಆಮೇಲೆ ನೋಡಿದ್ರೆ, ಇಲ್ದೇನೇ ಚೆನ್ನಾಗಿದೆ ಅನ್ನಿಸ್ತು."

"ಟೀಚರ್‌ಗೆ ಹೇಳಿದ್ರಾ?"

"ನೀವೇ ಹೇಳ್ಬಿಡಿ ಸರ್, ಎದುರುಮನೆಯವರಲ್ವಾ."

ಒಂದು ದೃಶ್ಯ ಇಲ್ಲವೆಂದು ವಿಮರ್ಶಕರು ಬರೆದರು, ಆಮೇಲೆ ಅದು ನಿಜವಾಗಿಯೂ ಇಲ್ಲವಾಯಿತು. ವಿಮರ್ಶೆಗೆ ಪ್ರಭಾವವೇ ಇಲ್ಲ ಎಂದು ಕೊರಗುವವರಿಗೆ ಇದು ಸಮಾಧಾನ ತರಬೇಕು.

ನಾನು ಟೀಚರ್‌ಗೆ ಹೇಳಲಿಲ್ಲ. ದಿನವೂ ಹಾಲು ತರುವಾಗ ಹೇಳೋಣವೆಂದು ಗೇಟಿನವರೆಗೆ ಹೋಗುತ್ತಿದ್ದೆ. "ಟೀವೀಲಿ ಯಾವಾಗ ಬರುತ್ತಂತೆ? ಅಕ್ಕ ಕೇಳ್ತಿದ್ದಾಳೆ" ಎಂದು ಅವರೇ ಕೇಳುತ್ತಿದ್ದರು. ಗೊತ್ತಿಲ್ಲ ಎಂದು ವಾಪಸ್ಸು ಬರುತ್ತಿದ್ದೆ. ಸಭೆಯಲ್ಲಿ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತವನಿಗೂ ನನಗೂ ಏನು ವ್ಯತ್ಯಾಸವಿತ್ತು ಎಂದು ಕೇಳಿದರೆ, ನನ್ನ ಕೈಯಲ್ಲಿ ಹಾಲಿತ್ತು.

ನಾಲ್ಕು ತಿಂಗಳ ನಂತರ ಮೊಬೈಲಿನಲ್ಲಿ, ಟೀವಿಯಲ್ಲಿ ನೋಡುವ ಹಾಗೆ ಸಿನಿಮಾ ಬಂತು. ಟೀಚರ್ ನನ್ನ ಕಾರಿನಲ್ಲೇ ಬಾಣಸವಾಡಿಗೆ ಹೊರಟರು. ದಾರಿಯಲ್ಲಾದರೂ ಹೇಳಬೇಕಿತ್ತು. ಒಂದು ಪಕ್ಷ ಇದರಲ್ಲಿ ಪೂರ್ತಿ ಹಾಕಿರಬಹುದು ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನೆ ಗೇರು ಬದಲಿಸಿದೆ.

ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಕೂತಿದ್ದರು. ಅಣ್ಣನ ಮಗಳು ಟೀವಿ ಹಚ್ಚಿಕೊಟ್ಟು ಆಫೀಸಿಗೆ ಹೋಗಿದ್ದಳು. ನಮ್ಮ ಮುಂದೆ ಚಕ್ಕುಲಿಯ ತಟ್ಟೆ ಇಟ್ಟು ಅಕ್ಕ, "ಕರೆಂಟ್ ಹೋಗದಿದ್ರೆ ಸಾಕು" ಎಂದರು. ಮೊದಲರ್ಧವನ್ನು ಅವರು ಬಹಳ ಸಮಾಧಾನದಿಂದ ನೋಡಿದರು. ವಠಾರದವರು ಬೈಯುವ ಕಡೆ, "ಇಷ್ಟು ಮೆಲ್ಲಗೆ ಬೈತಿರ್ಲಿಲ್ಲ" ಎಂದು ತಿದ್ದಿದರು. ಮಧ್ಯಂತರ ಎಂಬ ಅಕ್ಷರ ಬಂದಾಗ ಟೀಚರ್ ಮುಂದೆ ಸರಿದು ಕೂತರು. "ಈಗ ನೋಡೇ ಅಕ್ಕ."

ಆಸ್ಪತ್ರೆ ಬಂತು.

ಟೀಚರ್ ಒಂದು ನಿಮಿಷ ಕಾದರು. ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಓಡಿಸಿದರು. ಮತ್ತೆ ಮಧ್ಯಂತರ, ಮತ್ತೆ ಆಸ್ಪತ್ರೆ. ಮೂರನೆಯ ಸಲವೂ ಓಡಿಸಿದರು.

"ಬಿಡು" ಎಂದರು ಅಕ್ಕ. ದನಿಯಲ್ಲಿ ದುಃಖವಾಗಲಿ ಸಿಟ್ಟಾಗಲಿ ಇರಲಿಲ್ಲ. "ಇದರಲ್ಲೂ ನಾನೇ ಬಿಟ್ಟಿದ್ದು ಅಂತ್ಲೇ ಇದೆಯಲ್ಲ. ಅಷ್ಟು ಜನ ಸೇರಿ ತೆಗೆದಿದ್ದಾರೆ, ಅವರಿಗೇನು ನನ್ಮೇಲೆ ದ್ವೇಷಾನಾ. ನಾನೇ ಬಿಟ್ಟಿರ್ಬೇಕು ಕಣೇ."

"ಇತ್ತು ಅಕ್ಕ. ನಾನು ನೋಡಿದೆ."

"ನೀನು ಆವತ್ತೂ ನೋಡಿದೆ ಅಂದೆ."

ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಗ ನಾನು ಮಾತಾಡಿದೆ. ನಾಲ್ಕು ತಿಂಗಳಿಂದ ಗೊತ್ತಿತ್ತು ಎಂಬುದನ್ನು ಮೊದಲು ಹೇಳಿದೆ. ಟೀಚರ್ ನನ್ನ ಕಡೆ ನೋಡಲಿಲ್ಲ. ಆಮೇಲೆ ತೆರೆಯ ಮೇಲೆ ಏನಿತ್ತೋ ಅದನ್ನು ಕಂಡ ಕ್ರಮದಲ್ಲೇ ಹೇಳಿದೆ. ಬಿಸಿಲು. ಎರಡು ಸಲ ತಿರುಗಿಸಿ ನೋಡಿದ ಹೆಂಗಸು. ರೇಜರಿನ ಸದ್ದು. ಬಲಗಡೆ, ಆಮೇಲೆ ಎಡಗಡೆ. ನನಗೆ ಅನ್ನಿಸಿದ್ದು ಒಂದನ್ನೂ ಸೇರಿಸಲಿಲ್ಲ. ಯಾರು ಹೇಗೆ ಕತ್ತರಿಸಿದರು, ಯಾಕೆ ಎಂಬುದನ್ನೂ ಹೇಳಿದೆ. ಲೆಗ್ ಪೀಸಿನ ಮಾತು ಬಂದಾಗ ಅಕ್ಕನ ಬಾಯಿಯ ಮೂಲೆ ಸ್ವಲ್ಪ ಅಲುಗಿತು.

ಅವರು ಟೀವಿಯಲ್ಲಿ ನಿಂತುಹೋದ ಆಸ್ಪತ್ರೆಯ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಐವತ್ತು ವರ್ಷದ ಹಿಂದೆ ಆರು ಮನೆಯವರು ತನ್ನನ್ನು ಕೇಳಿದ್ದನ್ನೇ ಕೇಳಿದರು.

"ನೋಡಪ್ಪಾ, ನೀವೊಬ್ರೇ ನೋಡಿದ್ದಾ? ಇನ್ಯಾರಾದ್ರೂ ನೋಡಿದ್ರಾ?"

ಸಂಕಲನಕಾರ, ಕ್ಯಾಮೆರಾದವರು, ಸದ್ದು ಕೂಡಿಸಿದವರು ಇದ್ದಾರೆ. ಆದರೆ ಅವರು ಅದನ್ನು ಮಾಡಿದವರು, ಅವರ ಸಾಕ್ಷಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದೆ. ನೋಡಿದವರನ್ನು ಮಾತ್ರ ಹೇಳಿದೆ. ಅಕ್ಕ ಪ್ರತಿಯೊಬ್ಬರಿಗೂ ಒಂದು ಬೆರಳು ಮಡಿಸುತ್ತ ಬಂದರು.

ಮಾಲ್‌ನಲ್ಲಿ ಗುಡಿಸುವ, ಯಾದಗಿರಿ ಕಡೆಯ ಹೆಂಗಸು. ಇದ್ದಾಳೆ, ಬೆಳಗಿನ ಪಾಳಿ, ಬೇಕಾದರೆ ನಾಳೆಯೇ ಕರೆದುಕೊಂಡು ಬರುತ್ತೇನೆ. ಗಂಡನ ಪಾತ್ರ ಮಾಡಿದ ನಟ. ಅವನೂ ಮಾಡಿದವನೇ, ಆದರೆ ಅಂದು ಕೊನೆಯ ಸಾಲಿನಲ್ಲಿ ಕೂತು ನೋಡಿದವನು. ಇದ್ದಾನೆ, ಈಗ ಧಾರಾವಾಹಿಯೊಂದರಲ್ಲಿ ಒಳ್ಳೆಯ ಮಾವನಾಗಿದ್ದಾನೆ. ನಲ್ಲಿ ಬಿಟ್ಟದ್ದು ತನ್ನದೇ ಕೈ ಎಂಬುದನ್ನು ಅವನು ಅಲ್ಲಗಳೆಯುವುದಿಲ್ಲ. ನಾನು, ಎದುರುಮನೆಯವನು, ನಿಮಗೆ ನೆಂಟನಲ್ಲ. ಮತ್ತೆ ನಿಮ್ಮ ತಂಗಿ. ಎಲ್ಲರಿಗಿಂತ ಮೊದಲು ನೋಡಿದವರು, ಎರಡು ಸಲ ನೋಡಿದವರು ಅವರೊಬ್ಬರೇ. ಇಲ್ಲೇ ನಿಮ್ಮ ಪಕ್ಕದಲ್ಲಿ ಕೂತಿದ್ದಾರೆ.